ಹಳೆಯ ಆಟೋಫೋಕಸ್ ಲೆನ್ಸು, ಹೊಸ ಕ್ಯಾಮೆರಾ: ಯಾವುದಕ್ಕೆ ಯಾವುದು ಹೊಂದುತ್ತದೆ?

ಹಳೆಯ ಆಟೋಫೋಕಸ್ ಲೆನ್ಸು ಕೊಳ್ಳಲು ಹೊರಟವರು ಗಾಜಿನ ಮೇಲೆ ಗೀರಿದೆಯೇ ಎಂದು ನೋಡುತ್ತಾರೆ, ಚಿತ್ರ ಎಷ್ಟು ಚೂಪಾಗಿ ಬರುತ್ತದೆ ಎಂದು ವಿಚಾರಿಸುತ್ತಾರೆ. ಅವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಫೋಕಸ್ ತಿರುಗಿಸುವ ಮೋಟರ್ ಎಲ್ಲಿದೆ? ಲೆನ್ಸಿನೊಳಗಿದ್ದರೆ ಇಂದಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲೂ ಅದು ಬಹುಮಟ್ಟಿಗೆ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಮೋಟರ್ ಕ್ಯಾಮೆರಾದೊಳಗಿದ್ದ ಕಾಲದ ಲೆನ್ಸಾದರೆ, ನಿಮ್ಮ ಹೊಸ ಬಾಡಿಯಲ್ಲಿ (ಲೆನ್ಸು ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಅದನ್ನು ತಿರುಗಿಸುವುದು ಯಾವುದು ಎಂಬುದು ಖಚಿತವಾಗುವವರೆಗೆ ಹಣ ಕೊಡಬೇಡಿ.

ಪತ್ತೆ ಮಾಡುವುದು ಸುಲಭ. ಲೆನ್ಸಿನ ಹಿಂಬದಿ ಮೇಲೆ ಬರುವಂತೆ ಹಿಡಿದು ಮೌಂಟಿನ, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಸೇರುವ ಜಾಗದ, ಲೋಹದ ಉಂಗುರ ನೋಡಿ. ಅಲ್ಲಿ ಸ್ಕ್ರೂಡ್ರೈವರ್ ತುದಿ ಕೂರುವಂಥ ಸೀಳಿರುವ ಪುಟ್ಟ ತಿರುಪು ಕಂಡರೆ ಅದು ಸ್ಕ್ರೂ-ಡ್ರೈವ್ ಲೆನ್ಸು. ಬಾಡಿಯಿಂದ ಹೊರಚಾಚುವ ಒಂದು ಕಡ್ಡಿ ಆ ಸೀಳಿಗೆ ಸೇರಿ ಇಡೀ ಫೋಕಸನ್ನು ತಿರುಗಿಸುತ್ತದೆ. ಸೀಳು ಇಲ್ಲದೆ ವಿದ್ಯುತ್ ಸಂಪರ್ಕದ ಚಿನ್ನದ ಬಣ್ಣದ ಬಿಂದುಗಳು ಮಾತ್ರ ಇದ್ದರೆ ಮೋಟರ್ ಸಾಮಾನ್ಯವಾಗಿ ಲೆನ್ಸಿನೊಳಗೇ ಇದೆ. ಎರಡೂ ಇರುವ ಲೆನ್ಸುಗಳೂ ಇವೆ, ಪೆಂಟ್ಯಾಕ್ಸ್‌ನ ಕೆಲವು ಹಾಗೆ. ಜೊತೆಗೆ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಹೇಗೆ ಚಲಿಸುತ್ತದೆ ಎಂಬುದನ್ನೂ ಗಮನಿಸಿ: ಕ್ಯಾನನ್ ಇಎಫ್‌ನಲ್ಲಿ ಅದು ಪೂರ್ತಿ ವಿದ್ಯುತ್ತಿನಿಂದ ನಡೆಯುತ್ತದೆ, ಹಳೆಯ ನಿಕಾನ್, ಮಿನೋಲ್ಟಾ, ಪೆಂಟ್ಯಾಕ್ಸ್ ಲೆನ್ಸುಗಳಲ್ಲಿ ಬಾಡಿ ಒಂದು ಲೋಹದ ಸನ್ನೆಯನ್ನು ತಳ್ಳಬೇಕು. ಈ ಎರಡು ವಿಷಯ ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಕ್ಯಾನನ್ ಇಎಫ್: ತಲೆನೋವು ಕಡಿಮೆ

1987ರಲ್ಲಿ ಇಒಎಸ್ 650 ಜೊತೆ ಬಂದ ಇಎಫ್ ಮೌಂಟಿನಲ್ಲಿ ಕ್ಯಾನನ್ ಮೊದಲ ದಿನದಿಂದಲೇ ಮೋಟರನ್ನು ಲೆನ್ಸಿನೊಳಗಿಟ್ಟಿತು, ಅಪರ್ಚರನ್ನೂ ವಿದ್ಯುತ್ತಿಗೆ ಒಪ್ಪಿಸಿತು. ಆ ನಿರ್ಧಾರದ ಫಲ ಇಂದಿಗೂ ಸಿಗುತ್ತಿದೆ. ಇಎಫ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ 44 ಮಿಮೀ ದೂರ, ಮಿರರ್‌ಲೆಸ್ ಆರ್ ಸರಣಿಯ ಹೊಸ ಆರ್‌ಎಫ್ ಮೌಂಟಿನಲ್ಲಿ 20 ಮಿಮೀ. ಉಳಿದ 24 ಮಿಮೀಯನ್ನು ಅಡಾಪ್ಟರ್ ತುಂಬುತ್ತದೆ. ಮೂಲ ಮಾದರಿಯಲ್ಲಿ ಗಾಜಿಲ್ಲ, ತಂತಿಗಳಷ್ಟೇ, ಆದ್ದರಿಂದ ಚಿತ್ರದ ಗುಣಮಟ್ಟಕ್ಕೆ ಧಕ್ಕೆಯಿಲ್ಲ. ಮೂವತ್ತು ವರ್ಷ ದಾಟಿದ ಇಎಫ್ ಲೆನ್ಸೂ ಆರ್ ಸರಣಿಯ ಬಾಡಿಯಲ್ಲಿ ಆಟೋಫೋಕಸ್ ಆಗುತ್ತದೆ, ಕಣ್ಣು ಗುರುತಿಸುವ ಸೌಲಭ್ಯವೂ ನಡೆಯುತ್ತದೆ. ಸಣ್ಣ ಸೆನ್ಸರಿಗೆಂದು ಮಾಡಿದ ಇಎಫ್-ಎಸ್ ಲೆನ್ಸನ್ನು ಫುಲ್‌ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಆರ್ ಬಾಡಿಗೆ ಹಾಕಿದರೆ ಚೌಕಟ್ಟು 1.6 ಪಟ್ಟು ಕತ್ತರಿಸಿಹೋಗುತ್ತದೆ, ಮೆಗಾಪಿಕ್ಸೆಲ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಕೊರತೆಗಳು ಇಲ್ಲವೆಂದಲ್ಲ. ಅತಿವೇಗದ ಬರ್ಸ್ಟ್‌ಗೆ (ಒಂದರ ಹಿಂದೊಂದು ಚಿತ್ರ ತೆಗೆಯುವುದಕ್ಕೆ) ಕ್ಯಾನನ್ ಲೆನ್ಸುಗಳ ಪಟ್ಟಿ ಕೊಡುತ್ತದೆ; ಪಟ್ಟಿಯಲ್ಲಿಲ್ಲದ ಹಳೆಯ ಲೆನ್ಸು ಹಾಕಿದಾಗ ಸೆಕೆಂಡಿಗೆ ಬರುವ ಫ್ರೇಮುಗಳು ಇಳಿಯುತ್ತವೆ. ಕೆಲವು ಹಳೆಯ ಲೆನ್ಸುಗಳಲ್ಲಿ ಫೋಕಸ್ ಬಿಂದುಗಳು ಹರಡುವ ಪ್ರದೇಶವೂ ಕಿರಿದಾಗುತ್ತದೆ. 1990ರ ದಶಕದ, ಕೈನಡುಕ ತಗ್ಗಿಸುವ ಸ್ಟೆಬಿಲೈಸರ್ (ಐಎಸ್) ಇರುವ 75-300 ಐಎಸ್, 28-135 ಐಎಸ್, ಮೊದಲ 100-400 ಎಲ್‌ನಂಥವು ತಾವು ಟ್ರೈಪಾಡ್ ಮೇಲಿರುವುದನ್ನು ಗುರುತಿಸಲಾರವು. ಟ್ರೈಪಾಡ್ ಮೇಲಿಟ್ಟಾಗ ಐಎಸ್ ಸ್ವಿಚ್ ಆಫ್ ಮಾಡದಿದ್ದರೆ ಒಳಗಿನ ಗಾಜು ತಾನೇ ಅಲುಗಾಡಿ ಚಿತ್ರ ಕೆಡಿಸುತ್ತದೆ.

ಇಎಫ್‌ನಲ್ಲಿ ನಿಜವಾದ ಎಚ್ಚರಿಕೆ ಬೇಕಿರುವುದು 50 ಎಂಎಂ ಎಫ್/1.0 ಎಲ್, 85 ಎಂಎಂ ಎಫ್/1.2 ಎಲ್‌ನಂಥ ಲೆನ್ಸುಗಳ ವಿಷಯದಲ್ಲಿ. ಇವುಗಳಲ್ಲಿ ಕೈಯಿಂದ ತಿರುಗಿಸುವ ಉಂಗುರಕ್ಕೂ ಗಾಜಿಗೂ ಯಾಂತ್ರಿಕ ಸಂಬಂಧವೇ ಇಲ್ಲ. ಉಂಗುರ ಮೋಟರಿಗೆ ಸೂಚನೆ ಕೊಡುತ್ತದೆ ಅಷ್ಟೆ. ಮೋಟರ್ ಸತ್ತರೆ ಮ್ಯಾನ್ಯುಯಲ್ ಫೋಕಸ್ಸೂ ಸತ್ತಿತು, ಹಳೆಯವಕ್ಕೆ ಬಿಡಿಭಾಗ ಸಿಗುವುದೂ ದುಸ್ತರ. 85 ಎಂಎಂ ಬಳಸುವವರು ಬಾಡಿಯಿಂದ ಕಳಚುವ ಮುಂಚೆ ಫೋಕಸನ್ನು ಅನಂತಕ್ಕೆ ತಂದು ಮುಂಭಾಗವನ್ನು ಒಳಗೆಳೆದುಕೊಳ್ಳಬೇಕು, ಏಕೆಂದರೆ ವಿದ್ಯುತ್ತಿಲ್ಲದೆ ಅದು ಒಳಸರಿಯದು. 50 ಎಂಎಂ ಎಫ್/1.4 ಯುಎಸ್‌ಎಮ್‌ನ ರೋಗ ಬೇರೆ: ಹೊರಚಾಚಿದ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಒಳಗಿನ ಕೊಳವೆ ಬಾಗಿ ಫೋಕಸ್ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಕೊಳ್ಳುವಾಗ ಫೋಕಸ್ ಉಂಗುರವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಬಿಗಿ ಹೆಚ್ಚಿದರೆ ಬಿಟ್ಟುಬಿಡಿ.

ನಿಕಾನ್: ಇಲ್ಲಿಯೇ ಹೆಚ್ಚು ಜನ ಎಡವುವುದು

ನಿಕಾನ್‌ನ ಎಫ್ ಮೌಂಟ್ 1959ರದು. ಇಂದಿಗೂ ಹೆಚ್ಚಾಗಿ ಕೈಗೆ ಸಿಗುವ ಆಟೋಫೋಕಸ್ ಲೆನ್ಸುಗಳ ಸಾಲು 1986ರ ಎಫ್-501 ಕಾಲದಿಂದ ಶುರುವಾಯಿತು. ಕ್ಯಾನನ್ ಹಳೆಯ ಮೌಂಟನ್ನೇ ಕೈಬಿಟ್ಟರೆ ನಿಕಾನ್ ಉಳಿಸಿಕೊಂಡಿತು, ಮೋಟರನ್ನು ಬಾಡಿಯೊಳಗೆ ಇಟ್ಟಿತು. ಹಾಗಾಗಿ ಒಂದೇ ಮೌಂಟಿನಲ್ಲಿ ಎರಡು ಬಗೆಯ ಲೆನ್ಸುಗಳಿವೆ. ಹೆಸರಿನಲ್ಲಿ ಬರಿಯ ಎಎಫ್ ಅಥವಾ ಎಎಫ್-ಡಿ ಎಂದಿದ್ದರೆ ಸ್ಕ್ರೂ-ಡ್ರೈವ್. ಎಎಫ್-ಐ, ಎಎಫ್-ಎಸ್, ಎಎಫ್-ಪಿ ಎಂದಿದ್ದರೆ ಮೋಟರ್ ಲೆನ್ಸಿನಲ್ಲಿದೆ. ಕೊನೆಯಲ್ಲಿ ಜಿ ಅಕ್ಷರವಿದ್ದರೆ ಅಪರ್ಚರ್ ಉಂಗುರ ಇಲ್ಲವೆಂದು ಮಾತ್ರ ಅರ್ಥ. ಅದಕ್ಕೂ ಮೋಟರಿಗೂ ಸಂಬಂಧವಿಲ್ಲ, ಸ್ಕ್ರೂ-ಡ್ರೈವ್ ಜಿ ಲೆನ್ಸುಗಳೂ ಬಂದಿವೆ.

ಝಡ್ ಸರಣಿಯ ಮಿರರ್‌ಲೆಸ್‌ಗೆ ನಿಕಾನ್‌ನದೇ ಎಫ್‌ಟಿಝಡ್ ಮತ್ತು ಎಫ್‌ಟಿಝಡ್ 2 ಅಡಾಪ್ಟರುಗಳಿವೆ. ಎರಡರಲ್ಲೂ ಫೋಕಸ್ ಮೋಟರ್ ಇಲ್ಲ. ಅಪರ್ಚರ್ ಸನ್ನೆ ಚಲಿಸುವ ವ್ಯವಸ್ಥೆ ಇದೆ. ಆದ್ದರಿಂದ ಎಎಫ್-ಎಸ್ ಲೆನ್ಸು ಪೂರ್ತಿ ಆಟೋಫೋಕಸ್ ಆಗುತ್ತದೆ. ಎಎಫ್-ಡಿ ಲೆನ್ಸಿನಲ್ಲಿ ಬೆಳಕಿನ ಅಳತೆ, ಬಾಡಿಯಿಂದಲೇ ಅಪರ್ಚರ್ ನಿಯಂತ್ರಣ, ಚಿತ್ರದ ಮಾಹಿತಿ ದಾಖಲಾಗುವುದು, ಬಾಡಿಯಲ್ಲಿ ಸ್ಟೆಬಿಲೈಸರ್ ಇದ್ದರೆ ಅದರ ನೆರವು ಎಲ್ಲವೂ ಸಿಗುತ್ತವೆ, ಫೋಕಸ್ ಮಾತ್ರ ಕೈಯಿಂದಲೇ. ಫೋಕಸ್ ಸಿಕ್ಕಾಗ ಆಯ್ದ ಚೌಕ ಹಸಿರಾಗುತ್ತದೆ, ಅಂಚುಗಳಿಗೆ ಬಣ್ಣ ಹಚ್ಚುವ ಪೀಕಿಂಗ್ ಇದೆ, ವ್ಯೂಫೈಂಡರಿನಲ್ಲೇ ಚಿತ್ರ ಹಿಗ್ಗಿಸಿ ನೋಡಬಹುದು. ಆದರೂ ಒಂದು ತೊಡಕಿದೆ. ಎಎಫ್-ಡಿ ಲೆನ್ಸಿನ ಫೋಕಸ್ ಉಂಗುರವನ್ನು ಸಣ್ಣ ಮೋಟರ್ ಬೇಗ ತಿರುಗಿಸಲೆಂದು ಹಗುರವಾಗಿ, ಕಡಿಮೆ ಸುತ್ತಿನಲ್ಲಿ ಮುಗಿಯುವಂತೆ ಮಾಡಿದ್ದಾರೆ. ಬೆರಳು ಕೂದಲೆಳೆಯಷ್ಟು ಸರಿದರೂ 85 ಎಂಎಂ ಎಫ್/1.8ರಲ್ಲಿ ಕಣ್ಣಿನಿಂದ ಕಿವಿಗೆ ಫೋಕಸ್ ಜಾರುತ್ತದೆ.

ಹಾಗಾದರೆ ಎಎಫ್-ಡಿ ಲೆನ್ಸು ಕೈಯಲ್ಲಿರುವವರು ಏನು ಮಾಡಬೇಕು? ನಮ್ಮ ಸಲಹೆ ಸ್ಪಷ್ಟ: ಆಟೋಫೋಕಸ್ ಬೇಕೇಬೇಕಾದರೆ ಅಡಾಪ್ಟರ್ ಬಿಡಿ, ಮೋಟರ್ ಇರುವ ನಿಕಾನ್ ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಒಂದನ್ನು ಇಟ್ಟುಕೊಳ್ಳಿ. ಡಿ90, ಡಿ300, ಡಿ7000ದಿಂದ ಡಿ7500ವರೆಗಿನ ಸಾಲು, ಡಿ500, ಡಿ610, ಡಿ750, ಡಿ780, ಡಿ810, ಡಿ850 ಎಲ್ಲದರಲ್ಲೂ ಮೋಟರ್ ಇದೆ. ಡಿ40, ಡಿ60, ಡಿ3000 ಮತ್ತು ಡಿ5000 ಸಾಲಿನ ಯಾವ ಬಾಡಿಯಲ್ಲೂ ಇಲ್ಲ. ಅಲ್ಲಿ ಎಎಫ್-ಡಿ ಹಾಕಿದರೆ ಕೈಫೋಕಸ್ಸೇ ಗತಿ. ಉಂಗುರವಿರುವ ಲೆನ್ಸನ್ನು ಹಾಕುವಾಗ ಅತಿ ಸಣ್ಣ ಅಪರ್ಚರಿಗೆ, ಅಂದರೆ ಕಿತ್ತಳೆ ಬಣ್ಣದ 16 ಅಥವಾ 22ಕ್ಕೆ ತಿರುಗಿಸಿ ಲಾಕ್ ಮಾಡಿ. ಮರೆತರೆ ಬಾಡಿ ‘ಎಫ್‌ಇಇ’ ಎಂಬ ಸೂಚನೆ ತೋರಿಸಿ ಶಟರ್ ತೆರೆಯುವುದಿಲ್ಲ. ಲೆನ್ಸು ಕೆಟ್ಟಿದೆ ಎಂದುಕೊಂಡು ಮಾರಿಬಿಟ್ಟವರಿದ್ದಾರೆ. ಕೆಟ್ಟಿದ್ದು ಏನೂ ಇರಲಿಲ್ಲ.

ಮ್ಯಾಕ್ರೋದವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಹತ್ತಿರದ ಚಿತ್ರಕ್ಕೆ ಹೇಗೂ ಕೈಯಿಂದಲೇ ಫೋಕಸ್ ಮಾಡುವುದು ರೂಢಿ, ಹಾಗಾಗಿ 60 ಎಂಎಂ ಎಫ್/2.8 ಡಿ, 105 ಎಂಎಂ ಎಫ್/2.8 ಡಿ ಮೈಕ್ರೋ ಲೆನ್ಸುಗಳನ್ನು ಝಡ್ ಬಾಡಿಯಲ್ಲಿ ಬಳಸುವುದು ಹಿಂದಿನದಕ್ಕಿಂತ ಚೆನ್ನ. ಹಿಗ್ಗಿಸಿದ ವ್ಯೂಫೈಂಡರಿನಷ್ಟು ನಿಖರತೆ ಕನ್ನಡಿ ಕ್ಯಾಮೆರಾದಲ್ಲಿ ಸಿಗುತ್ತಿರಲಿಲ್ಲ.

ಎಎಫ್-ಎಸ್ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. 17-35 ಎಂಎಂ ಎಫ್/2.8, 28-70 ಎಂಎಂ ಎಫ್/2.8ರಂಥ ಮೊದಮೊದಲ ಎಎಫ್-ಎಸ್ ಜೂಮುಗಳ ಮೋಟರ್ ಸವೆದಾಗ ಫೋಕಸ್ ಮಾಡುವಾಗ ಕೀರಲು ಸದ್ದು ಕೇಳುತ್ತದೆ. ಆ ಸದ್ದು ಕೇಳಿದರೆ ಮೋಟರ್ ಬದಲಿಸುವ ಖರ್ಚನ್ನೂ ಬೆಲೆಯೊಳಗೆ ಸೇರಿಸಿ ಯೋಚಿಸಿ. 35-70 ಎಂಎಂ ಎಫ್/2.8 ಡಿ ಒಳಗಿನ ಗಾಜಿಗೆ ಮಂಜು ಕವಿಯುವುದಕ್ಕೆ ಹೆಸರುವಾಸಿ. ಹಳೆಯ 80-200 ಎಂಎಂ ಎಫ್/2.8 ಡಿಯಲ್ಲಿ ಆಟೋ-ಮ್ಯಾನ್ಯುಯಲ್ ಬದಲಿಸುವ ಪ್ಲಾಸ್ಟಿಕ್ ಉಂಗುರ ಬಿರುಕು ಬಿಡುತ್ತದೆ. ಅದನ್ನು ಎರಡು ಕಡೆಗೂ ತಿರುಗಿಸಿ, ಗಟ್ಟಿಯಾಗಿ ಕೂರುತ್ತದೆಯೇ ನೋಡಿ.

ಮಿನೋಲ್ಟಾದಿಂದ ಸೋನಿಗೆ

1985ರ ಮಿನೋಲ್ಟಾ 7000 ಜೊತೆ ಬಂದ ಎ ಮೌಂಟಿನ ಬಹುಪಾಲು ಲೆನ್ಸುಗಳು ಸ್ಕ್ರೂ-ಡ್ರೈವ್. 2006ರಲ್ಲಿ ಕ್ಯಾಮೆರಾ ವ್ಯವಹಾರ ಸೋನಿಗೆ ಬಂದಾಗ ಮೌಂಟೂ ಬಂತು. ಇ ಮೌಂಟಿನ ಮಿರರ್‌ಲೆಸ್‌ಗೆ ಸೋನಿ ಕೊಟ್ಟ ಅಡಾಪ್ಟರುಗಳಲ್ಲಿ ಮೂರನ್ನು ಸರಿಯಾಗಿ ತಿಳಿದುಕೊಂಡರೆ ಸಾಕು.

ಎಲ್‌ಎ-ಇಎ3ರಲ್ಲಿ ಸ್ಕ್ರೂ ತಿರುಗಿಸುವ ಮೋಟರ್ ಇಲ್ಲ. ಎಸ್‌ಎಸ್‌ಎಮ್ ಅಥವಾ ಎಸ್‌ಎಎಮ್ ಎಂದು ಬರೆದ, ಒಳಗೆ ಮೋಟರಿರುವ ಲೆನ್ಸುಗಳಿಗೆ ಮಾತ್ರ ಅದು ಆಟೋಫೋಕಸ್ ಕೊಡುತ್ತದೆ. ಎಲ್‌ಎ-ಇಎ4ರಲ್ಲಿ ಮೋಟರ್ ಇದೆ, ಜೊತೆಗೆ ತನ್ನದೇ ಅರೆಪಾರದರ್ಶಕ ಕನ್ನಡಿ, 15 ಬಿಂದುಗಳ ಫೋಕಸ್ ಸೆನ್ಸರ್ ಕೂಡ ಇವೆ. ಇದರಿಂದ ಯಾವ ಇ ಮೌಂಟ್ ಬಾಡಿಯಲ್ಲೂ ಹಳೆಯ ಲೆನ್ಸು ಫೋಕಸ್ ಆಗುತ್ತದೆ, ಆದರೆ ನೀವು ಹಣ ಕೊಟ್ಟು ಕೊಂಡ ಬಾಡಿಯ ಫೋಕಸ್ ವ್ಯವಸ್ಥೆ ನಿಷ್ಕ್ರಿಯವಾಗಿ ಕೂರುತ್ತದೆ: ಬಿಂದುಗಳು ಚೌಕಟ್ಟಿನ ನಡುವೆಯೇ ಗುಂಪುಗೂಡಿವೆ, ಕಣ್ಣು ಹುಡುಕುವ ಸೌಲಭ್ಯ ಇಲ್ಲ, ಕನ್ನಡಿ ಸ್ವಲ್ಪ ಬೆಳಕನ್ನೂ ತಿನ್ನುತ್ತದೆ. 2020ರ ಎಲ್‌ಎ-ಇಎ5 ಕನ್ನಡಿಯನ್ನು ತೆಗೆದು ಮೋಟರನ್ನು ಉಳಿಸಿಕೊಂಡಿತು. ಈಗ ಸೆನ್ಸರಿನ ಮೇಲಿನ ಬಿಂದುಗಳೇ ಫೋಕಸ್ ಅಳೆಯುತ್ತವೆ, ಮುಖ ಮತ್ತು ಕಣ್ಣಿನ ಪತ್ತೆ ಸ್ಕ್ರೂ-ಡ್ರೈವ್ ಲೆನ್ಸಿಗೂ ಸಿಗುತ್ತದೆ.

ತೊಡಕು ಒಂದೇ, ಆದರೆ ದೊಡ್ಡದು. ಎಲ್‌ಎ-ಇಎ5ರ ಸ್ಕ್ರೂ ಮೋಟರ್ ಎಲ್ಲ ಬಾಡಿಗಳಲ್ಲೂ ತಿರುಗುವುದಿಲ್ಲ. ಎ7ಆರ್ 4 ಮತ್ತು ಎ6600ರಿಂದ ಶುರುವಾಗಿ ಎ1, ಎ7 4, ಎ7ಆರ್ 5ರಂಥ ಬಾಡಿಗಳಲ್ಲಿ ಕೆಲಸ ಮಾಡುತ್ತದೆ. ಎ7 3ರಲ್ಲಿ ಅದೇ ಅಡಾಪ್ಟರ್ ಹಾಕಿದರೆ ಸ್ಕ್ರೂ-ಡ್ರೈವ್ ಲೆನ್ಸು ಕೈಫೋಕಸ್ಸಿಗೆ ಇಳಿಯುತ್ತದೆ. ಹೀಗಾಗಿ ಎ7 3 ಇರುವವರಿಗೆ ಎಲ್‌ಎ-ಇಎ4, ಎ7 4 ಇರುವವರಿಗೆ ಎಲ್‌ಎ-ಇಎ5. ಅಡಾಪ್ಟರ್ ಕೊಳ್ಳುವ ಮುಂಚೆ ಸೋನಿಯ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಬಾಡಿಯ ಮಾದರಿ ಸಂಖ್ಯೆಯನ್ನು ಅಕ್ಷರಶಃ ಹುಡುಕಿ.

ಉಳಿದವರು

ಪೆಂಟ್ಯಾಕ್ಸ್‌ನವರಿಗೆ ಅಡಾಪ್ಟರಿನ ಗೋಜೇ ಬೇಡ. ಕೆ-1 2, ಕೆ-3 3 ಸೇರಿದಂತೆ ಆ ಸಂಸ್ಥೆಯ ಡಿಎಸ್‌ಎಲ್‌ಆರ್‌ಗಳೆಲ್ಲದರಲ್ಲೂ ಸ್ಕ್ರೂ ಮೋಟರ್ ಇದೆ, ಈ ಎರಡರಲ್ಲಿ ಬಾಡಿಯೊಳಗಿನ ಸ್ಟೆಬಿಲೈಸರ್ ಕೂಡ ಇದೆ. 31, 43, 77 ಎಂಎಂ ಎಫ್‌ಎ ಲಿಮಿಟೆಡ್‌ಗಳಂಥ ಹಳೆಯ ಲೆನ್ಸುಗಳಿಗೆ ಅವೇ ಸರಿಯಾದ ಮನೆ. ಅಪರ್ಚರ್ ಉಂಗುರವನ್ನು ‘ಎ’ಗೆ ತಿರುಗಿಸಿ, ಅಷ್ಟೇ.

ಒಲಿಂಪಸ್‌ನ ಹಳೆಯ ಫೋರ್ ಥರ್ಡ್ಸ್ ಲೆನ್ಸುಗಳಿಗೆ ಎಮ್‌ಎಮ್‌ಎಫ್ ಅಡಾಪ್ಟರ್ ಇದ್ದರೂ ವೇಗವನ್ನು ನಿರ್ಧರಿಸುವುದು ಬಾಡಿಯೇ. 2013ರ ಇ-ಎಮ್1ರಂತೆ ಸೆನ್ಸರಿನ ಮೇಲೆ ಫೇಸ್ ಡಿಟೆಕ್ಷನ್ (phase detection, ಮುಖದ ಪತ್ತೆಯಲ್ಲ) ಇರುವ ಬಾಡಿಯಲ್ಲಿ ಅವು ಸಲೀಸಾಗಿ ಓಡುತ್ತವೆ, ಕಾಂಟ್ರಾಸ್ಟ್ ಮಾತ್ರ ನೋಡುವ ಬಾಡಿಯಲ್ಲಿ ತೆವಳುತ್ತವೆ.

ಇದಕ್ಕೆ ಕಾರಣ ತಿಳಿದಿದ್ದರೆ ಬೇರೆ ಬ್ರಾಂಡುಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಫೇಸ್ ಡಿಟೆಕ್ಷನ್ ಒಂದೇ ನೋಟದಲ್ಲಿ ಯಾವ ಕಡೆಗೆ, ಎಷ್ಟು ಸರಿಯಬೇಕು ಎಂದು ಲೆಕ್ಕ ಹಾಕಿ ಹೇಳುತ್ತದೆ. ಹಳೆಯ ಮೋಟರನ್ನು ಅಂಥ ಒಂದು ದೊಡ್ಡ ನೆಗೆತಕ್ಕಾಗಿಯೇ ಮಾಡಿದ್ದು. ಕಾಂಟ್ರಾಸ್ಟ್ ವಿಧಾನದಲ್ಲಿ ಲೆನ್ಸು ಹಿಂದಕ್ಕೂ ಮುಂದಕ್ಕೂ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಅತಿ ಚೂಪಾದ ಜಾಗ ದಾಟಿ ಮರಳಿ ಬರಬೇಕು. ಹಳೆಯ ಗೇರುಗಳ ನಡುವೆ ಸಡಿಲವಿರುವುದರಿಂದ ದಿಕ್ಕು ಬದಲಾದಾಗ ಮೊದಲ ಹೆಜ್ಜೆ ಗಾಜಿಗೆ ತಲುಪುವುದೇ ಇಲ್ಲ. ಆದ್ದರಿಂದ ಹಳೆಯ ಲೆನ್ಸಿಗೆಂದು ಬಾಡಿ ಕೊಳ್ಳುವವರು ಸೆನ್ಸರಿನಲ್ಲಿ ಫೇಸ್ ಡಿಟೆಕ್ಷನ್ ಇರುವುದನ್ನೇ ಕೊಳ್ಳಿ.

ಇತರ ಕಂಪನಿಗಳ ಲೆನ್ಸುಗಳಲ್ಲಿ ಒಂದು ಬಲೆ ಇದೆ. 1990ರ ದಶಕದ ಸಿಗ್ಮಾ ಲೆನ್ಸುಗಳು ಕ್ಯಾನನ್ ಮೌಂಟಿನಲ್ಲಿ ಸಿಕ್ಕರೆ, ಅವುಗಳಲ್ಲಿ ಅನೇಕವು ಡಿಜಿಟಲ್ ಬಾಡಿಯಲ್ಲಿ ಪೂರ್ತಿ ತೆರೆದ ಅಪರ್ಚರಿನಲ್ಲಷ್ಟೇ ಕೆಲಸ ಮಾಡುತ್ತವೆ. ಒಂದು ಸ್ಟಾಪ್ (ಬೆಳಕು ಅರ್ಧವಾಗುವಷ್ಟು) ಕಡಿಮೆ ಮಾಡಿದ ಕೂಡಲೇ ಬಾಡಿ ದೋಷ ತೋರಿಸಿ ನಿಂತುಬಿಡುತ್ತದೆ. ಲೆನ್ಸಿನ ಚಿಪ್‌ಗೆ ಹೊಸ ಬಾಡಿಯ ಮಾತು ತಿಳಿಯದಿರುವುದೇ ಕಾರಣ. ಸಂಪರ್ಕ ಬಿಂದು ಉಜ್ಜಿದರೆ, ಅಡಾಪ್ಟರ್ ಬದಲಿಸಿದರೆ ಅದು ಸರಿಹೋಗದು.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು

ಮೊಬೈಲಿನ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ದೂಳಿನ ಕಣಗಳಿಗೆ ಹೆದರಬೇಡಿ, ಅವು ಎಲ್ಲದರಲ್ಲೂ ಇರುತ್ತವೆ. ಜೇಡರಬಲೆಯಂಥ ಎಳೆಗಳು ಫಂಗಸ್. ಹಾಲಿನ ಬಣ್ಣದ ಪರದೆ ಮಂಜು. ಅಂಚಿನಿಂದ ಒಳಸರಿಯುವ ಕಾಮನಬಿಲ್ಲಿನ ಬಣ್ಣ ಅಂಟಿಸಿದ ಗಾಜುಗಳು ಬಿಡುತ್ತಿರುವುದರ ಗುರುತು. ಮೂರರಲ್ಲಿ ಯಾವುದಿದ್ದರೂ ಆಟೋಫೋಕಸ್ ಲೆನ್ಸನ್ನು ಬಿಚ್ಚಿ ಸರಿಪಡಿಸುವುದು ಮ್ಯಾನ್ಯುಯಲ್ ಲೆನ್ಸಿನಷ್ಟು ಸುಲಭವಲ್ಲ.

ಸನ್ನೆ ಇರುವ ಲೆನ್ಸಾದರೆ ಬೆರಳಿನಿಂದ ಸರಿಸಿ ಬಿಡಿ. ಬ್ಲೇಡುಗಳು ಚಟ್ಟನೆ ಮರಳಬೇಕು. ನಿಧಾನವಾಗಿ ಮರಳಿದರೆ ಅವುಗಳ ಮೇಲೆ ಎಣ್ಣೆ ಹರಿದಿದೆ, ಆಗ ಎಫ್/8ರಲ್ಲಿ ತೆಗೆದ ಚಿತ್ರ ಬೆಳಕು ಹೆಚ್ಚಾಗಿ ಬಿಳಚಿಕೊಳ್ಳುತ್ತದೆ. ಕ್ಯಾನನ್ ಇಎಫ್‌ನಲ್ಲಿ ಸನ್ನೆ ಇಲ್ಲ, ಹಾಗಾಗಿ ಬಾಡಿಗೆ ಹಾಕಿಯೇ ಪರೀಕ್ಷಿಸಬೇಕು: ಎಫ್/8 ಇಟ್ಟು, ಜೂಮಿದ್ದರೆ ಎರಡೂ ತುದಿಗಳಲ್ಲಿ ಚಿತ್ರ ತೆಗೆಯಿರಿ. ಪೂರ್ತಿ ತೆರೆದಾಗ ಸರಿಯಿದ್ದು ಎಫ್/8ರಲ್ಲಿ ದೋಷ ಬಂದರೆ, ಅಪರ್ಚರಿಗೆ ಹೋಗುವ ತೆಳುವಾದ ಕೇಬಲ್ ಒಳಗೆ ಮುರಿದಿರುವ ಸಾಧ್ಯತೆ ಹೆಚ್ಚು. ಎಫ್/2.8ರಲ್ಲಿ ಒಂದೆರಡು ಚಿತ್ರ ತೆಗೆದು ತೃಪ್ತಿಪಟ್ಟು ಕೊಂಡವರಿಗೆ ಈ ದೋಷ ಮನೆಗೆ ಹೋದ ಮೇಲೆ ಕಾಣುತ್ತದೆ.

ಇನ್ನು ಫೋಕಸ್ ಪರೀಕ್ಷೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಬ್ಯಾಟರಿ ತುಂಬಿರಲಿ, ಐಎಸ್‌ಒ ಕನಿಷ್ಠಕ್ಕೆ, ಅಪರ್ಚರ್ ಪೂರ್ತಿ ತೆರೆದಿರಲಿ. ಫೋಕಲ್ ಲೆಂತಿನ ಸುಮಾರು 50 ಪಟ್ಟು ದೂರದಲ್ಲಿ, ಅಂದರೆ 50 ಎಂಎಂಗೆ ಎರಡೂವರೆ ಮೀಟರಿನಲ್ಲಿ, ಅಚ್ಚಾದ ಅಕ್ಷರಗಳ ಹಾಳೆಯನ್ನು ಕ್ಯಾಮೆರಾಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನು ಓರೆಯಾಗಿ ಇಡಿ. ನಡುವಿನ ಒಂದೇ ಬಿಂದು ಬಳಸಿ ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ಮೊದಲು ಫೋಕಸ್ ಕೆಡಿಸಿ, ಒಮ್ಮೆ ಅನಂತದ ಕಡೆಗೆ, ಮರುಸಲ ಹತ್ತಿರದ ಕಡೆಗೆ. ಹತ್ತೂ ಒಂದೇ ದಿಕ್ಕಿಗೆ ಜಾರಿದ್ದರೆ, ಆ ಸೌಲಭ್ಯವಿರುವ ಡಿಎಸ್‌ಎಲ್‌ಆರ್ ಅಥವಾ ಎಲ್‌ಎ-ಇಎ4ನಲ್ಲಿ ಫೋಕಸ್ ಸೂಕ್ಷ್ಮ ಹೊಂದಾಣಿಕೆಯಿಂದ ಸರಿಮಾಡಬಹುದು. ಒಂದೊಂದೂ ಒಂದೊಂದು ಕಡೆ ಬಿದ್ದಿದ್ದರೆ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ; ಗೇರು ಸಡಿಲಾಗಿರಬೇಕು, ಮೋಟರ್ ಬಳಲಿರಬೇಕು, ಇಲ್ಲವೇ ಸಂಪರ್ಕ ಬಿಂದುಗಳು ಕೊಳಕಾಗಿರಬೇಕು. ಕೊನೆಯದನ್ನು ಮೊದಲು ನೋಡಿ: ಎಳೆ ಬಿಡದ ಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬಿಂದುಗಳನ್ನು ಒರೆಸಿ, ಒಣಗಿದ ಮೇಲೆ ಮತ್ತೆ ಹಾಕಿ. ಸೆನ್ಸರಿನಲ್ಲೇ ಫೋಕಸ್ ಅಳೆಯುವ ಮಿರರ್‌ಲೆಸ್‌ನಲ್ಲಿ ಒಂದೇ ದಿಕ್ಕಿಗೆ ಜಾರುವ ದೋಷ ಬಹುತೇಕ ಮಾಯವಾಗುತ್ತದೆ. ಹಳೆಯ ಲೆನ್ಸಿಗೆ ಹೊಸ ಬಾಡಿ ಕೊಡುವ ದೊಡ್ಡ ಉಡುಗೊರೆ ಅದೇ.

ಗಾಜಿನ ವಿಷಯ

ಫಿಲ್ಮು ಬೆಳಕನ್ನು ಹೀರುತ್ತಿತ್ತು, ಸೆನ್ಸರಿನ ಮುಂದಿನ ಗಾಜು ಹೊಳೆಯುತ್ತದೆ. ಹಾಗಾಗಿ ಫಿಲ್ಮ್ ಕಾಲದ ಕೆಲವು ಲೆನ್ಸುಗಳಲ್ಲಿ ಸೆನ್ಸರಿನಿಂದ ಮರಳಿದ ಬೆಳಕು ಹಿಂದಿನ ಗಾಜಿಗೆ ಬಡಿದು, ಎಫ್/11ರ ಆಸುಪಾಸಿನಲ್ಲಿ ಚಿತ್ರದ ನಡುವೆ ಮಸುಕಾದ ದುಂಡು ಮಚ್ಚೆಯಾಗಿ ಕಾಣುತ್ತದೆ. ಉರಿಯುವ ಬಲ್ಬೊಂದನ್ನು ಚೌಕಟ್ಟಿನೊಳಗಿಟ್ಟು ಪರೀಕ್ಷಿಸಿ. ಕೆನ್ನೀಲಿ, ಹಸಿರು ಅಂಚುಗಳ ವಿಷಯದಲ್ಲಿ, ಚಿತ್ರದ ಮೂಲೆಗಳಲ್ಲಿ ಕಾಣುವುದನ್ನು ಸಾಫ್ಟ್‌ವೇರ್ ಸಲೀಸಾಗಿ ತೆಗೆಯುತ್ತದೆ. ಫೋಕಸ್ಸಿನ ಹಿಂದೆ ಮುಂದೆ ಹಬ್ಬುವುದನ್ನು ಪೂರ್ತಿ ತೆಗೆಯಲಾಗದು, ಅಪರ್ಚರ್ ಎರಡು ಸ್ಟಾಪ್ ಇಳಿಸುವುದೇ ಮದ್ದು.

ಯಾವ ಬಗೆಯ ಹಳೆಯ ಲೆನ್ಸು ಯೋಗ್ಯ? ಮ್ಯಾಕ್ರೋಗಳು ನಿಸ್ಸಂಶಯವಾಗಿ. 50, 85, 100 ಎಂಎಂ ಪ್ರೈಮುಗಳು (ಜೂಮ್ ಇಲ್ಲದ ಲೆನ್ಸುಗಳು) ಎಫ್/4ಕ್ಕೆ ಇಳಿಸಿದಾಗ 24 ಮೆಗಾಪಿಕ್ಸೆಲ್ ಸೆನ್ಸರಿಗೆ ಸುಲಭವಾಗಿ ಸಾಕಾಗುತ್ತವೆ. ಎಫ್/2.8, ಎಫ್/4ರ ಟೆಲಿಫೋಟೊಗಳು ಒಳಗೆ ಮೋಟರಿದ್ದರೆ ಉತ್ತಮ. 28-80ರಂಥ ಫಿಲ್ಮ್ ಕಾಲದ ಅಗ್ಗದ ಕಿಟ್ ಜೂಮುಗಳಿಗೂ, 20 ಎಂಎಂಗಿಂತ ಅಗಲದ ಹಳೆಯ ಜೂಮುಗಳಿಗೂ ಅಡಾಪ್ಟರಿನ ದುಡ್ಡು ದಂಡ. ಮೂಲೆಗಳು ಎಫ್/11ರಲ್ಲೂ ಕಲಸಿಕೊಂಡೇ ಇರುತ್ತವೆ.

ಹಾಕಿದ ಮೇಲೆ

ಅಡಾಪ್ಟರಿನ ಮತ್ತು ಬಾಡಿಯ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಮೊದಲು ಹೊಸದಾಗಿಸಿ. ಶಟರ್ ಒತ್ತುವ ಮುಂಚೆಯೇ ಸದಾ ಫೋಕಸ್ ಹುಡುಕುತ್ತಿರುವ ಆಯ್ಕೆ ಇದ್ದರೆ ಆಫ್ ಮಾಡಿ. ಅದು ಹಳೆಯ ಗೇರುಗಳನ್ನು ಸುಮ್ಮನೆ ಸವೆಸುತ್ತದೆ. ಸ್ಕ್ರೂ-ಡ್ರೈವ್ ಲೆನ್ಸಿನಲ್ಲಿ ನಿರಂತರ ಫೋಕಸ್ಸಿಗಿಂತ ಸಿಂಗಲ್ ಫೋಕಸ್, ಸಣ್ಣ ಬಿಂದು ಹೆಚ್ಚು ನಂಬಿಕೆಯದು. ವಿಡಿಯೋಗೆ ಈ ಲೆನ್ಸುಗಳ ಆಟೋಫೋಕಸ್ ಬಳಸಲೇಬೇಡಿ: ಗೇರಿನ ಸದ್ದು ಮೈಕಿಗೆ ಬೀಳುತ್ತದೆ, ಚಲನೆಯೂ ಜರ್ಕಿನದು. ಎಎಫ್-ಎಸ್, ಯುಎಸ್‌ಎಮ್ ಲೆನ್ಸುಗಳು ಸದ್ದು ಮಾಡದಿದ್ದರೂ ನಯವಾಗಿ ನಿಧಾನಕ್ಕೆ ಸರಿಯುವುದು ಅವಕ್ಕೆ ಬಾರದು.

ಒಂದು ಕಿಲೋಗಿಂತ ಭಾರದ ಲೆನ್ಸನ್ನು ಅಡಾಪ್ಟರ್ ಜೊತೆ ಹಾಕಿದಾಗ ಕ್ಯಾಮೆರಾ ಹಿಡಿದು ಎತ್ತಬೇಡಿ, ಲೆನ್ಸನ್ನು ಹಿಡಿದು ಎತ್ತಿ. ಟ್ರೈಪಾಡಿಗೂ ಲೆನ್ಸಿನ ಕಾಲರನ್ನೇ ಬಿಗಿಯಿರಿ. ಎರಡು ಮೌಂಟುಗಳ ಸಡಿಲ ಕೂಡಿದಾಗ ಲೆನ್ಸು ತುಸು ಬಾಗುತ್ತದೆ, ಆಗ ಚಿತ್ರದ ಒಂದು ಬದಿ ಮಾತ್ರ ಮಸುಕಾಗುತ್ತದೆ. ಅದನ್ನು ಕಂಡು ಲೆನ್ಸನ್ನು ದೂರುವ ಮುಂಚೆ ಕಾಲರಿನಿಂದ ಆಧಾರ ಕೊಟ್ಟು ಇನ್ನೊಂದು ಚಿತ್ರ ತೆಗೆದು ನೋಡಿ.